ಟ್ರೋನಾ ಪಿನಾಕಲ್ಸ್‌ನಲ್ಲಿ ಅಪ್ಪ-ಅಮ್ಮನ ಜೊತೆ ಒಂದು ರಾತ್ರಿ: ಯಾವಾಗ ಹೋಗಬೇಕು, ಹೇಗೆ ಹೋಗಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇದ್ದೇವೆ. ನಾನು, ಹೆಂಡತಿ, ಏಳು ವರ್ಷದ ಮಗ. ಗದಗದಿಂದ ಅಪ್ಪ-ಅಮ್ಮ ಬಂದಿದ್ದಾರೆ, ಏಪ್ರಿಲ್ ತನಕ ಇರುತ್ತಾರೆ. ಅಪ್ಪನಿಗೆ 71 ವರ್ಷ, ಗಟ್ಟಿಯಾಗಿದ್ದಾರೆ. ಅಮ್ಮನಿಗೆ 66, ಮಂಡಿನೋವಿದೆ. ಇಲ್ಲಿನ ಮರುಭೂಮಿಯಲ್ಲಿ ಟ್ರೋನಾ ಪಿನಾಕಲ್ಸ್ ಅಂತ ಕಲ್ಲಿನ ಕಂಬಗಳ ಜಾಗ ಇದೆಯಲ್ಲ, ಅದರ ಫೋಟೋ ನೋಡಿದಾಗಿನಿಂದ ಮಗ ಅಲ್ಲಿ ಟೆಂಟ್ ಹಾಕೋಣ ಅಂತ ಹಟ ಹಿಡಿದಿದ್ದಾನೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹೋಗುವ ಯೋಚನೆ. ನಮ್ಮದು ಸಾಮಾನ್ಯ ಸೆಡಾನ್ ಕಾರು, ಅದು ಅಲ್ಲಿಗೆ ಹೋಗುತ್ತದಾ? ವಯಸ್ಸಾದವರು ಅಲ್ಲಿ ಮಲಗಬಹುದಾ? ನೀರು, ಶೌಚಾಲಯದ ಕಥೆ ಏನು? ಅಥವಾ ಇಷ್ಟೆಲ್ಲ ಯಾಕೆ, ಡೆತ್ ವ್ಯಾಲಿಗೆ ಹೋಗುವಾಗ ದಾರಿಯಲ್ಲಿ ಒಂದು ಗಂಟೆ ನಿಂತು ನೋಡಿದರೆ ಸಾಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಒಂದು ಗಂಟೆ ಸಾಲದು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕಾರಿಂದ ಇಳಿದರೆ ಕಾಣುವುದು ಬೂದು-ಕಂದು ಬಣ್ಣದ ಮೊಂಡು ಗುಡ್ಡೆಗಳು, ಸುತ್ತ ಕಣ್ಣು ಕುಕ್ಕುವ ಬಿಳಿ ಬಯಲು. ಹತ್ತು ನಿಮಿಷ ಫೋಟೋ ತೆಗೆದು, "ಇಷ್ಟೇನಾ?" ಅಂತ ಹೊರಟವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ ಜಾಗ ಸಂಜೆ ಬೇರೆಯೇ ಆಗುತ್ತದೆ. ಸೂರ್ಯ ಪಶ್ಚಿಮದ ಬೆಟ್ಟಕ್ಕೆ ಹತ್ತಿರವಾದ ಹಾಗೆ ಒಂದೊಂದು ಕಂಬದ ನೆರಳೂ ಬಯಲಿನ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕಲ್ಲಿನ ಮೈಮೇಲಿನ ತೂತು, ಗಂಟು, ಪದರ ಎಲ್ಲ ಎದ್ದು ಕಾಣುತ್ತವೆ. ಬಣ್ಣ ಬೆಲ್ಲದ ಹಾಗಾಗಿ, ಆಮೇಲೆ ಕೆಂಪಾಗಿ, ಕೊನೆಗೆ ನೇರಳೆಗೆ ತಿರುಗುತ್ತದೆ. ಬೆಳಗಿನ ಜಾವ ಇದೇ ಆಟ ಎದುರು ದಿಕ್ಕಿನಿಂದ. ಸಂಜೆ, ರಾತ್ರಿ, ಮುಂಜಾವು, ಈ ಮೂರೂ ಸಿಕ್ಕರೆ ಮಾತ್ರ ಅಲ್ಲಿಗೆ ಹೋಗಿದ್ದು ಸಾರ್ಥಕ. ನಿಮ್ಮ ಮಗನ ಹಟ ಸರಿಯಾಗಿದೆ.

ಆದರೆ ನವೆಂಬರ್ ಕೊನೆಗೆ ಬೇಡ. ಮಾರ್ಚ್ ಎರಡನೇ ಅರ್ಧದಲ್ಲಿ ಹೋಗಿ. ಅಪ್ಪ-ಅಮ್ಮ ಏಪ್ರಿಲ್ ತನಕ ಇರುತ್ತಾರೆ ಅಂದಿರಲ್ಲ, ಅದು ಒಳ್ಳೆಯದಾಯಿತು.

ಯಾಕೆ ಅಂತ ಹೇಳುತ್ತೇನೆ. ನವೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮತ್ತೆ ಹುಟ್ಟುವುದು ಬೆಳಗ್ಗೆ ಆರೂವರೆ ದಾಟಿದ ಮೇಲೆ. ಹತ್ತಿರ ಹತ್ತಿರ 14 ಗಂಟೆಯ ರಾತ್ರಿ. ಸೂರ್ಯ ಹೋದ ಅರ್ಧ ಗಂಟೆಗೆ ಚಳಿ ಮೈಗೆ ಹತ್ತುತ್ತದೆ, ಬೆಳಗಿನ ಜಾವಕ್ಕೆ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಂಡಿನೋವಿರುವವರು ಅಷ್ಟು ಹೊತ್ತು ನೆಲದ ಮೇಲೆ ಮಲಗಿ, ಮಧ್ಯೆ ಎರಡು ಸಲ ಎದ್ದು ಕತ್ತಲಲ್ಲಿ ಶೌಚಾಲಯಕ್ಕೆ ನಡೆಯುವುದನ್ನು ಯೋಚನೆ ಮಾಡಿ. ಮೇಲಾಗಿ ಆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಗೆಲ್ಲ ಜನ ಜಾಸ್ತಿ. ದೊಡ್ಡ ಕ್ಯಾಂಪರ್ ಗಾಡಿ, ಜನರೇಟರ್ ಸದ್ದು, ಧೂಳೆಬ್ಬಿಸುವ ಬೈಕುಗಳು. ಮಾರ್ಚ್ ಕೊನೆಗೆ ಹಗಲು ರಾತ್ರಿ ಸಮ ಇರುತ್ತವೆ. ಹಗಲು ಹಿತವಾಗಿರುತ್ತದೆ, ರಾತ್ರಿ ಒಂದು ಒಳ್ಳೆ ಸ್ಲೀಪಿಂಗ್ ಬ್ಯಾಗ್‌ಗೆ ಬಗ್ಗುವ ಚಳಿ. ಚಳಿಗಾಲದಲ್ಲಿ ಮಳೆ ಚೆನ್ನಾಗಿ ಬಿದ್ದಿದ್ದರೆ ಹತ್ತಿರದ ಊರಾದ ರಿಜ್‌ಕ್ರೆಸ್ಟ್ ಸುತ್ತಮುತ್ತ ಹಳದಿ ಕಾಡುಹೂವು ಕಾಣಬಹುದು. ಮಾರ್ಚ್‌ನ ತೊಂದರೆ ಒಂದೇ, ಗಾಳಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಂತೂ ಆ ಕಡೆ ತಲೆ ಹಾಕಬೇಡಿ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಅಲ್ಲಿ ಮಾಮೂಲು, ಮರದ ನೆರಳು ಅನ್ನುವುದೇ ಇಲ್ಲ.

ಈಗ ಜಾಗದ ಬಗ್ಗೆ ಸ್ವಲ್ಪ. ಇದು ಗೊತ್ತಿದ್ದು ಹೋದರೆ ಮಗನಿಗೂ ಅಪ್ಪನಿಗೂ ಹೇಳುವುದಕ್ಕೆ ಬಹಳ ಇದೆ.

ಟ್ರೋನಾ ಪಿನಾಕಲ್ಸ್ ಇರುವುದು ಸರ್ಲ್ಸ್ ಕಣಿವೆಯಲ್ಲಿ, ರಿಜ್‌ಕ್ರೆಸ್ಟ್ ಅನ್ನುವ ಊರಿನಿಂದ ಪೂರ್ವಕ್ಕೆ ಸುಮಾರು 20 ಮೈಲಿ. ಒಣಗಿದ ಕೆರೆಯ ಅಂಗಳದಲ್ಲಿ 500ಕ್ಕೂ ಹೆಚ್ಚು ಕಲ್ಲಿನ ಕಂಬಗಳು ನಿಂತಿವೆ. ಕೆಲವು ಮೊಣಕಾಲೆತ್ತರ ಇದ್ದರೆ, ಎಲ್ಲಕ್ಕಿಂತ ಎತ್ತರದವು 140 ಅಡಿ, ಅಂದರೆ ಹದಿಮೂರು-ಹದಿನಾಲ್ಕು ಮಹಡಿಯಷ್ಟು. 1968ರಲ್ಲಿ ಇದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಅಂತ ಗುರುತಿಸಿದರು. ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್.

ಈ ಕಂಬಗಳು ಬೆಟ್ಟ ಸವೆದು ಉಳಿದದ್ದಲ್ಲ. ನೀರಿನೊಳಗೆ ಬೆಳೆದವು. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಎಷ್ಟು ಉಜ್ಜಿದರೂ ಹೋಗದ್ದು? ಅದು ನೀರಿನಲ್ಲಿ ಕರಗಿದ್ದ ಸುಣ್ಣ. ಇಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಅದೇ. ನೆಲದ ಬಿರುಕುಗಳಿಂದ ಸುಣ್ಣದ ಅಂಶ ತುಂಬಿದ ಒರತೆ ನೀರು ಕೆರೆಯ ತಳದಲ್ಲಿ ಉಕ್ಕುತ್ತಿತ್ತು. ಕೆರೆಯ ನೀರಿನಲ್ಲಿ ಸೋಡಾ ಮತ್ತು ಉಪ್ಪು ಜಾಸ್ತಿ. ಎರಡೂ ಸೇರಿದ ಕಡೆ ಸುಣ್ಣ ಗಟ್ಟಿಯಾಗಿ ಕೂತಿತು. ಪಾಚಿ ಅದಕ್ಕೆ ಅಂಟಿನ ಹಾಗೆ ನೆರವಾಯಿತು. ಪದರದ ಮೇಲೆ ಪದರ, ಸಾವಿರಾರು ವರ್ಷ. ಈ ಕಲ್ಲಿಗೆ ಟೂಫಾ ಅನ್ನುತ್ತಾರೆ. ಹತ್ತು ಸಾವಿರದಿಂದ ಒಂದು ಲಕ್ಷ ವರ್ಷದ ಹಿಂದೆ, ಬೇರೆ ಬೇರೆ ಕಾಲದಲ್ಲಿ ಇವು ಬೆಳೆದವು. ಉತ್ತರದ ಗುಂಪು ಚಿಕ್ಕ ವಯಸ್ಸಿನದು, ದಕ್ಷಿಣದ ಗುಂಪು ಎಲ್ಲಕ್ಕಿಂತ ಹಳೆಯದು, ಅತಿ ಎತ್ತರದ ಕಂಬ ಇರುವುದು ನಡುವಿನ ಗುಂಪಿನಲ್ಲಿ.

ಮಳೆ ನಾಲ್ಕು ಇಂಚೂ ಸರಿಯಾಗಿ ಬೀಳದ ಈ ಜಾಗದಲ್ಲಿ ಅಷ್ಟು ನೀರು ಎಲ್ಲಿಂದ ಬಂತು ಅಂತ ಅಪ್ಪ ಕೇಳೇ ಕೇಳುತ್ತಾರೆ. ನಮ್ಮ ಹಳೆ ಕೆರೆಗಳ ಸಾಲು ಅವರಿಗೆ ನೆನಪಿರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹಿಮಯುಗದಲ್ಲಿ ಇಲ್ಲಿ ಹಾಗೇ ಇತ್ತು. ಸಿಯೆರಾ ನೆವಾಡಾ ಬೆಟ್ಟದ ಹಿಮ ಕರಗಿ ಓವೆನ್ಸ್ ಕೆರೆ ತುಂಬುತ್ತಿತ್ತು. ಅದು ಕೋಡಿ ಬಿದ್ದು ಚೈನಾ ಲೇಕ್, ಆಮೇಲೆ ಸರ್ಲ್ಸ್, ಆಮೇಲೆ ಪನಾಮಿಂಟ್, ಕಟ್ಟಕಡೆಗೆ ಡೆತ್ ವ್ಯಾಲಿ. ಸರ್ಲ್ಸ್ ಕೆರೆ ತುಂಬಿದ್ದ ಕಾಲಕ್ಕೆ ಅದರ ಆಳ 640 ಅಡಿವರೆಗೆ ಹೋಗಿತ್ತು. ಜೋಗದ ಎತ್ತರದ ಮುಕ್ಕಾಲು ಪಾಲು! ನೀವು ಟೆಂಟ್ ಹಾಕುವ ಜಾಗ ಆ ಕೆರೆಯ ತಳ. ರಾತ್ರಿ ಮಲಗಿ ಮೇಲೆ ನೋಡುವಾಗ, ಕಂಬದ ತುದಿಯ ಮೇಲೂ ಒಂದು ಕಾಲದಲ್ಲಿ ನೀರಿತ್ತು ಅಂತ ಮಗನಿಗೆ ಹೇಳಿ. ಇಂಥದ್ದೇ ಕಲ್ಲುಗಳು ಈಗಲೂ ನೀರಿನಲ್ಲಿ ನಿಂತಿರುವುದನ್ನು ನೋಡಬೇಕಾದರೆ ಉತ್ತರಕ್ಕೆ ಮೋನೋ ಲೇಕ್ ಇದೆ, ಇನ್ನೊಂದು ಸಲ ಹೋಗಿ.

ನನ್ನ ಅಮ್ಮ ಸಿಂಧನೂರಿನ ಕಡೆಯವರು. ಅವರನ್ನು ಇಲ್ಲಿಗೆ ಕರೆದುಕೊಂಡು ಬಂದಾಗ ನಾನು ಹಿಮಯುಗ, ಟೂಫಾ ಅಂತೆಲ್ಲ ಹೇಳುತ್ತಾ ನಿಂತಿದ್ದೆ. ಅವರು ಕೂತು, ನೆಲದ ಮೇಲಿನ ಬಿಳಿ ಪುಡಿ ಚಿಟಿಕೆ ತೆಗೆದು ಎರಡು ಬೆರಳಲ್ಲಿ ಉಜ್ಜಿ, "ಇದು ಸವಳಲ್ವಾ?" ಅಂದರು. ಅಷ್ಟೇ, ಒಂದೇ ಮಾತು. ತುಂಗಭದ್ರಾ ಕಾಲುವೆಯ ನೀರು ಹೆಚ್ಚಾಗಿ ಹೊಲ ಸವಳು-ಜವಳು ಹಿಡಿದದ್ದನ್ನು ನೋಡಿ ಬೆಳೆದವರು ಅವರು. ಹಿಂದೆ ಬಟ್ಟೆ ಒಗೆಯುವುದಕ್ಕೆ ಸವಳು ಮಣ್ಣು ತರುತ್ತಿದ್ದದ್ದೂ ಅವರಿಗೆ ಗೊತ್ತು. ಅವರು ಹೇಳಿದ್ದು ಪೂರ್ತಿ ಸರಿ. ಕೆರೆ ಒಣಗಿದಾಗ ಉಳಿದದ್ದು ಸೋಡಾ, ಬೊರಾಕ್ಸ್, ಉಪ್ಪು. ಟ್ರೋನಾ ಅನ್ನುವುದೇ ಒಂದು ಬಗೆಯ ಸೋಡಾ ಖನಿಜದ ಹೆಸರು. ಜಾನ್ ಸರ್ಲ್ಸ್ ಅನ್ನುವವರು 1862ರಲ್ಲಿ ಇಲ್ಲಿ ಬೊರಾಕ್ಸ್ ಕಂಡರು, 1873ರಿಂದ ತೆಗೆಯುವುದಕ್ಕೆ ಶುರು ಮಾಡಿದರು. ಪಕ್ಕದ ಟ್ರೋನಾ ಊರು ಇವತ್ತಿಗೂ ಆ ಖನಿಜದ ಕಾರ್ಖಾನೆಯಿಂದಲೇ ಬದುಕುತ್ತಿದೆ. 2007ರಲ್ಲಿ ಆ ಕಾರ್ಖಾನೆಯ ಕಂಪನಿಯನ್ನು ಕೊಂಡವರು ಯಾರು ಗೊತ್ತಾ? ಅಹಮದಾಬಾದಿನ ನಿರ್ಮಾ. ಹೌದು, ನಮ್ಮ ಬಟ್ಟೆ ಸೋಪಿನ ಪುಡಿಯ ನಿರ್ಮಾ. ಸೋಡಾ ಆ್ಯಶ್ ಸೋಪಿನ ಪುಡಿಗೆ ಮುಖ್ಯ ಸರಕು. ಇದನ್ನು ನಿಮ್ಮ ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.

ಈಗ ಕಾರಿನ ವಿಷಯ. ಸೆಡಾನ್ ಹೋಗುತ್ತದೆ. ಹೆದ್ದಾರಿ 178ರಿಂದ ಬಲಕ್ಕೆ ತಿರುಗಿದ ಮೇಲೆ ಐದು ಮೈಲಿ ಮಣ್ಣಿನ ರಸ್ತೆ. ತಿರುವಿನಲ್ಲಿ ಬೋರ್ಡ್ ಇದೆ. ರಸ್ತೆ ಒಣಗಿದ್ದಾಗ ಗಂಟೆಗೆ 15 ಮೈಲಿಯಲ್ಲಿ ನಿಧಾನ ಹೋದರೆ ಸಾಮಾನ್ಯ ಕಾರಿಗೆ ತೊಂದರೆ ಇಲ್ಲ. ಅಲ್ಲಲ್ಲಿ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿರುತ್ತದೆ, ಕಾರು ಗಡಗಡ ಅನ್ನುತ್ತದೆ, ಹೆದರಬೇಡಿ. ಕಂಬಗಳ ಹತ್ತಿರ ಹೋದ ಮೇಲೆ ದಾರಿ ಹತ್ತಾರು ಕಡೆ ಕವಲೊಡೆಯುತ್ತದೆ. ಅವುಗಳಲ್ಲಿ ಕೆಲವು ಮರಳು, ಕೆಲವು ಕಡಿದಾದ ಏರು. ಅಗಲವಾದ, ಗಟ್ಟಿ ನೆಲದ ದಾರಿ ಬಿಟ್ಟು ಹೋಗಬೇಡಿ.

ಮಳೆ ಬಂದಿದ್ದರೆ ಲೆಕ್ಕವೇ ಬೇರೆ. ಆ ಮಣ್ಣು ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ, ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಹಿಂದಿನ ಎರಡು-ಮೂರು ದಿನದಲ್ಲಿ ಮಳೆಯಾಗಿದ್ದರೆ ಹೋಗಬೇಡಿ. ಹೆದ್ದಾರಿಯಿಂದ ತಿರುಗಿದ ಕೂಡಲೇ ನಿಲ್ಲಿಸಿ, ಇಳಿದು, ಕಾಲಲ್ಲಿ ಒತ್ತಿ ನೋಡಿ. ಬೂಟಿನ ಅಚ್ಚು ಆಳವಾಗಿ ಮೂಡಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಇನ್ನೊಂದು ಮಾತು: ಕೆರೆಯ ಬಯಲು ಎಷ್ಟೇ ಒಣಗಿದ ಹಾಗೆ ಕಂಡರೂ ಅದರ ಮೇಲೆ ಕಾರು ಇಳಿಸಬೇಡಿ. ಮೇಲೆ ಹಪ್ಪಳದಂಥ ಪದರ, ಒಳಗೆ ಕೆಸರು. ಒಂದು ಫೆಬ್ರವರಿಯಲ್ಲಿ ನನ್ನ ಕಣ್ಣೆದುರಿಗೇ ಒಂದು ಜೀಪು ಹೀಗೆ ಅಚ್ಚಿನವರೆಗೆ ಹೂತು ಹೋಯಿತು. ನಾಲ್ಕು ಜನ ಸೇರಿ ಎರಡು ತಾಸು ತೋಡಿದರೂ ಬರಲಿಲ್ಲ. ಊರಿಂದ ಎಳೆಯುವ ಗಾಡಿ ಬರುವಷ್ಟರಲ್ಲಿ ಕತ್ತಲಾಗಿತ್ತು, ಅವರಿಗೆ ಬಿದ್ದ ಖರ್ಚು ಒಂದು ವಿಮಾನದ ಟಿಕೆಟ್‌ನಷ್ಟು.

ಆದರೆ ನನಗೆ ರಸ್ತೆಗಿಂತ ನಿಮ್ಮ ಡಿಕ್ಕಿಯದೇ ಚಿಂತೆ. ಐದು ಜನ ಕೂತ ಸೆಡಾನಿನಲ್ಲಿ ಟೆಂಟ್, ಐದು ಹಾಸಿಗೆ, 40 ಲೀಟರ್ ನೀರು, ಕುರ್ಚಿ, ಊಟ ಹಿಡಿಸುವುದಿಲ್ಲ. ಮಿನಿವ್ಯಾನ್ ಬಾಡಿಗೆಗೆ ತೆಗೆದುಕೊಳ್ಳಬಹುದು, ಆದರೆ ಬಾಡಿಗೆ ಕರಾರುಗಳಲ್ಲಿ ಡಾಂಬರು ಬಿಟ್ಟು ಇಳಿಯಬಾರದು ಅನ್ನುವ ಷರತ್ತು ಸಾಮಾನ್ಯ, ಓದಿಕೊಂಡು ಸಹಿ ಹಾಕಿ. ನನ್ನ ಸಲಹೆ, ಇನ್ನೊಂದು ಕುಟುಂಬವನ್ನು ಜೊತೆಗೆ ಕರೆದುಕೊಂಡು ಎರಡು ಕಾರಲ್ಲಿ ಹೋಗಿ. ಮರುಭೂಮಿಗೆ ಒಂಟಿ ಕಾರಲ್ಲಿ ಹೋಗಬಾರದು ಅನ್ನುವುದನ್ನು ನಾನು ಬಹಳ ಗಟ್ಟಿಯಾಗಿ ಹಿಡಿದಿದ್ದೇನೆ. ಒಂದು ಕೆಟ್ಟರೆ ಇನ್ನೊಂದಿದೆ. ಸಾಮಾನು ಹಂಚಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮನಿಗೆ ರಾತ್ರಿ ಎಂಟಕ್ಕೆ "ನನ್ನ ಕೈಲಾಗಲ್ಲಪ್ಪ" ಅನ್ನಿಸಿದರೆ ಒಂದು ಕಾರು ಅವರನ್ನು ಊರಿಗೆ ಬಿಡಬಹುದು, ಮಗನ ಟೆಂಟ್ ಕೀಳಬೇಕಾಗಿಲ್ಲ.

ಅದಕ್ಕೇ ರಿಜ್‌ಕ್ರೆಸ್ಟ್‌ನಲ್ಲಿ ಒಂದು ರೂಮು ಮೊದಲೇ ಹಿಡಿದಿಡಿ. ಅಲ್ಲಿ ಮೋಟೆಲ್‌ಗಳು, ದೊಡ್ಡ ಅಂಗಡಿಗಳು, ಆಸ್ಪತ್ರೆ ಎಲ್ಲ ಇವೆ. ದುಡ್ಡು ದಂಡ ಅನ್ನಿಸಬಹುದು. ಆದರೆ ವಯಸ್ಸಾದವರಿಗೆ "ಬೇಡ ಅನ್ನಿಸಿದರೆ ಹೋಗಬಹುದು" ಅನ್ನುವ ಧೈರ್ಯ ಇದ್ದರೆ ಅವರು ಖುಷಿಯಿಂದ ಉಳಿಯುತ್ತಾರೆ. ಇಲ್ಲದಿದ್ದರೆ ನಮ್ಮ ಸಲುವಾಗಿ ಚಳಿ, ನೋವು ನುಂಗಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಅಪ್ಪ-ಅಮ್ಮಂದಿರ ಆ ಸ್ವಭಾವ ನಮಗೆಲ್ಲ ಗೊತ್ತಿರುವುದೇ ಅಲ್ವಾ?

ಸ್ಯಾನ್ ಹೋಸೆಯಿಂದ ಬೇಕರ್ಸ್‌ಫೀಲ್ಡ್, ಟೆಹಾಚಪಿ, ಮೊಹಾವಿ ದಾರಿಯಲ್ಲಿ ರಿಜ್‌ಕ್ರೆಸ್ಟ್‌ಗೆ ಆರು ಗಂಟೆಗೂ ಮೇಲೆ ಹಿಡಿಯುತ್ತದೆ. ಮೊದಲ ದಿನ ಅಲ್ಲಿಗೆ ಮುಟ್ಟಿ ಮಲಗಿ. ಎರಡನೇ ದಿನ ಪೆಟ್ರೋಲ್, ನೀರು, ಐಸು ತುಂಬಿಕೊಂಡು ಮಧ್ಯಾಹ್ನ ಮೂರಕ್ಕೆ ಪಿನಾಕಲ್ಸ್ ತಲುಪಿ. ಒಂದೇ ದಿನದಲ್ಲಿ ಡ್ರೈವ್ ಮಾಡಿ, ಕತ್ತಲಲ್ಲಿ ಹೋಗಿ ಟೆಂಟ್ ಹಾಕುವ ಸಾಹಸ ಬೇಡ. ಶನಿವಾರಕ್ಕಿಂತ ಭಾನುವಾರದ ರಾತ್ರಿ ಜನ ಕಡಿಮೆ, ಮಗನ ಶಾಲೆಗೆ ವಸಂತದ ರಜೆ ಇರುವ ವಾರ ಹೊಂದಿಸಿಕೊಳ್ಳಿ. ಫೋನಿಗೆ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಐಫೋನ್ 14 ಅಥವಾ ಅದರ ನಂತರದ್ದು ಇದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಹೇಗೆ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ವಾಪಸ್ ಅಂತ ಊರಲ್ಲಿ ಒಬ್ಬ ಸ್ನೇಹಿತರಿಗೆ ಬರೆದಿಡಿ. ಸ್ಪೇರ್ ಟೈರ್ ನೋಡಿಕೊಳ್ಳಿ. ಈಗಿನ ಎಷ್ಟೋ ಕಾರುಗಳಲ್ಲಿ ಅದು ಇರುವುದೇ ಇಲ್ಲ.

ಕ್ಯಾಂಪಿಂಗ್‌ಗೆ ದುಡ್ಡಿಲ್ಲ, ಬುಕಿಂಗೂ ಇಲ್ಲ. 14 ದಿನದವರೆಗೆ ಇರಬಹುದು. ಅದರ ಅರ್ಥ ಅಲ್ಲಿ ಏನೂ ಇಲ್ಲ ಅಂತಲೂ ಹೌದು. ನೀರಿಲ್ಲ, ಕರೆಂಟಿಲ್ಲ, ಕಸದ ಡಬ್ಬಿ ಇಲ್ಲ. ಒಂದು ಗುಂಡಿ ಶೌಚಾಲಯ ಇದೆ, ನೀರು ಹಾಕುವ ವ್ಯವಸ್ಥೆ ಇಲ್ಲದ್ದು. ಕೂರುವ ಸೀಟು ಇದೆ, ಅಮ್ಮನ ಮಂಡಿಗೆ ಅದು ಅನುಕೂಲ. ಅದಕ್ಕೆ ಹತ್ತಿರ, ಆದರೆ ವಾಸನೆ ಬಾರದಷ್ಟು ದೂರದಲ್ಲಿ ಟೆಂಟ್ ಹಾಕಿ. ಪೇಪರ್, ಕೈಗೆ ಹಚ್ಚುವ ಸ್ಯಾನಿಟೈಸರ್ ನೀವೇ ಒಯ್ಯಿರಿ. ಅಮ್ಮನಿಗೆ ಒಂದು ತಂಬಿಗೆ, ಬೇರೆಯೇ ಒಂದು ಕ್ಯಾನ್ ನೀರು ಇಡಿ. ಹೇಳುವುದಕ್ಕೆ ಸಂಕೋಚಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರನ್ನು ನಾನು ನೋಡಿದ್ದೇನೆ, ಮರುಭೂಮಿಯಲ್ಲಿ ಅದು ಅಪಾಯ. ಕುಡಿಯುವುದಕ್ಕೆ, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಐದು ಜನ, ಎರಡು ದಿನ, 40 ಲೀಟರ್. ತೊಳೆಯುವ ನೀರು ಅದರ ಮೇಲೆ.

ಇನ್ನು ಗಾಳಿ. ಮಾರ್ಚ್ ಮಧ್ಯಾಹ್ನ ಶಾಂತವಾಗಿರುತ್ತದೆ, ಸಂಜೆ ಆರಕ್ಕೆ ಎದ್ದ ಗಾಳಿ ಬೆಳಗಿನವರೆಗೆ ಬಿಡದೇ ಇರಬಹುದು. ನಮ್ಮ ಮೊದಲ ವರ್ಷ ಟೆಂಟ್ ನಿಲ್ಲಿಸಿ, ಒಳಗೆ ಭಾರ ಏನೂ ಇಡದೆ, ಗೂಟ ಹೊಡೆಯುವ ಮೊದಲು ಚಹಾಕ್ಕೆ ಕೂತೆವು. ಒಂದೇ ಬೀಸಿಗೆ ಟೆಂಟ್ ಎದ್ದು ಬಯಲಲ್ಲಿ ಉರುಳುತ್ತಾ ಹೋಯಿತು. ಹಿಂದೆ ಓಡಿ ಹಿಡಿದಾಗ ಎರಡು ಕಂಬಿ ಮುರಿದಿದ್ದವು. ಆ ರಾತ್ರಿ ಎಲ್ಲರೂ ಕಾರಲ್ಲೇ ಕೂತು ಕಳೆದೆವು. ಅಂದಿನಿಂದ ನಾನು ಮಾಡುವುದು ಹೀಗೆ: ಕಾರನ್ನು ಗಾಳಿಗೆ ಅಡ್ಡ ನಿಲ್ಲಿಸಿ, ಅದರ ಮರೆಯಲ್ಲಿ ಟೆಂಟ್ ಹರಡಿ, ಮೊದಲು ನಾಲ್ಕು ಮೂಲೆಗೂ ಗೂಟ ಹೊಡೆದು, ಆಮೇಲೆ ಎತ್ತುವುದು. ಟೆಂಟ್ ಜೊತೆ ಕೊಡುವ ತೆಳು ಗೂಟ ಆ ನೆಲಕ್ಕೆ ಬಾಗಿಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಗೇಣುದ್ದಕ್ಕಿಂತ ಉದ್ದದ ಕಬ್ಬಿಣದ ಮೊಳೆಗಳು, ಒಂದು ಸುತ್ತಿಗೆ ತನ್ನಿ. ಹವಾಮಾನ ಮುನ್ಸೂಚನೆಯಲ್ಲಿ ಗಾಳಿ ಗಂಟೆಗೆ 25 ಮೈಲಿ ದಾಟುತ್ತದೆ ಅಂತಿದ್ದರೆ ಆ ರಾತ್ರಿ ರೂಮಿನಲ್ಲೇ ಮಲಗಿ, ಸಂಜೆ ಮಾತ್ರ ನೋಡಿ ಬನ್ನಿ. ನೀರು ಹರಿದು ಕೊರೆದ ಹಳ್ಳದ ಗುರುತಿರುವ ಕಡೆ ಟೆಂಟ್ ಹಾಕಬೇಡಿ, ದೂರದ ಬೆಟ್ಟದ ಮಳೆಯೂ ಅಲ್ಲಿಗೆ ಬರುತ್ತದೆ. ಕಂಬಗಳ ಬುಡದಲ್ಲಂತೂ ಖಂಡಿತ ಬೇಡ.

ಬುಡದಲ್ಲಿ ಯಾಕೆ ಬೇಡ ಅಂದರೆ, 2019ರ ಜುಲೈ 4ರಂದು ಈ ಭಾಗದಲ್ಲಿ 6.4ರ ಭೂಕಂಪ, ಮರುದಿನ 7.1ರದ್ದು ಆಯಿತು. ಕೆಲವು ಕಂಬಗಳಿಂದ ಕಲ್ಲು ಕಳಚಿ ಬಿತ್ತು. ಟ್ರೋನಾ ಊರಿನ ನೀರು ಸರಬರಾಜು ಎಷ್ಟೋ ದಿನ ನಿಂತುಹೋಗಿತ್ತು. ಭೂಕಂಪ ಇಲ್ಲದಿದ್ದರೂ ಈ ಕಲ್ಲು ಬಲ ಇಲ್ಲದ್ದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹಂಪಿ, ರಾಮನಗರದ ಬಂಡೆ ಹತ್ತಿ ಬೆಳೆದ ನಮಗೆ ಕಲ್ಲು ಕಂಡರೆ ಹತ್ತಬೇಕು ಅನ್ನಿಸುತ್ತದೆ. ಅದು ಗ್ರಾನೈಟ್, ಆನೆ ನಿಂತರೂ ಜಗ್ಗದು. ಟೂಫಾ ಹಾಗಲ್ಲ. ಹತ್ತಿರ ಹೋಗಿ ನೋಡಿ: ಒಣಗಿದ ಸ್ಪಂಜಿನ ಹಾಗೆ ತೂತು ತೂತು, ಅಂಚುಗಳು ಚಾಕುವಿನ ಹಾಗೆ ಚೂಪು. ಅಂಗೈ ಇಟ್ಟರೆ ಗೀರುತ್ತದೆ, ಗಟ್ಟಿಯಾಗಿ ಹಿಡಿದರೆ ಹಿಡಿದ ತುಂಡೇ ಕೈಗೆ ಬರುತ್ತದೆ. ಆ ತುಂಡು ಬೆಳೆಯುವುದಕ್ಕೆ ಎಷ್ಟು ಸಾವಿರ ವರ್ಷ ಬೇಕಾಯಿತೋ. ಮತ್ತೆ ಬೆಳೆಯುವುದಕ್ಕೆ ಅಲ್ಲಿ ನೀರಿಲ್ಲ. ಮಗನಿಗೆ ಹತ್ತುವುದು ಬೇಡ, ಒಂದು ಚೂರೂ ಮನೆಗೆ ತರುವುದು ಬೇಡ ಅಂತ ಮನೆಯಲ್ಲೇ ಹೇಳಿಟ್ಟುಕೊಳ್ಳಿ. ಒಂದು ಭೂತಗನ್ನಡಿ ಕೊಡಿ, ಬೇಕಾದಷ್ಟು ಹೊತ್ತು ನೋಡಲಿ. ಕಂಬಗಳ ನಡುವೆ ಅರ್ಧ ಮೈಲಿಯ ಸುಲಭದ ಕಾಲುದಾರಿ ಇದೆ, ಅಪ್ಪ ಆರಾಮಾಗಿ ನಡೆಯುತ್ತಾರೆ. ಅಮ್ಮನಿಗೆ ಪಶ್ಚಿಮಕ್ಕೆ ಮುಖ ಮಾಡಿ ಒಂದು ಕೈಯಿರುವ ಕುರ್ಚಿ ಹಾಕಿದರೆ ಸಾಕು, ನಡೆಯದೆಯೂ ಎಲ್ಲ ಕಾಣುತ್ತದೆ.

ಊಟದ ವಿಷಯದಲ್ಲಿ ನೀವು ಗದಗಿನವರಾದ್ದರಿಂದ ಅರ್ಧ ಕೆಲಸ ಆಗಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಮರುಭೂಮಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಕೆಡುವುದಿಲ್ಲ, ಬಿಸಿ ಮಾಡಬೇಕಾಗಿಲ್ಲ, ಪಾತ್ರೆ ತೊಳೆಯುವುದು ಕಡಿಮೆ. ಅಲ್ಲಿ ಒಗ್ಗರಣೆ ಹಾಕುವ ಅಡುಗೆ ಬೇಡ, ಗಾಳಿಗೆ ಒಲೆ ನಿಲ್ಲುವುದಿಲ್ಲ, ಊಟದ ತುಂಬ ಮರಳು. ಸಣ್ಣ ಗ್ಯಾಸ್ ಒಲೆ ಬರೀ ಚಹಾಕ್ಕೆ, ಬಿಸಿನೀರಿಗೆ ಇರಲಿ. ಒಲೆಗಾದರೂ ಬೆಂಕಿಗಾದರೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಒಂದು ಸಲಿಕೆ, ನೀರು ಇರಬೇಕು. ಬೆಂಕಿ ನಿಷೇಧ ಇದೆಯಾ ಅಂತ ಹೊರಡುವ ಮೊದಲು ನೋಡಿಕೊಳ್ಳಿ. ಸೌದೆ ಮನೆಯಿಂದಲೇ ಒಯ್ಯಿರಿ, ಅಲ್ಲಿ ಒಂದು ಕಡ್ಡಿಯೂ ಮುರಿಯುವಂತಿಲ್ಲ. ಮೊಳೆ ಇರುವ ಹಳೆ ಹಲಗೆ ಸುಡಬೇಡಿ, ಬೂದಿಯಲ್ಲಿ ಉಳಿದ ಮೊಳೆ ಮುಂದೆ ಬಂದವರ ಟೈರಿಗೆ ಚುಚ್ಚುತ್ತದೆ. ಕಸ, ಬೂದಿ, ಮುಸುರೆ ನೀರು ಎಲ್ಲ ವಾಪಸ್ ಕಾರಿಗೆ.

ಮಲಗುವುದಕ್ಕೆ ಅಪ್ಪ-ಅಮ್ಮನಿಗೆ ಮಡಚುವ ಮಂಚ ತನ್ನಿ. ನೆಲದಿಂದ ಎದ್ದೇಳುವ ಕಷ್ಟ ತಪ್ಪುತ್ತದೆ. ಮಂಚದ ಮೇಲೂ ದಪ್ಪ ಮ್ಯಾಟ್ ಬೇಕು, ಚಳಿ ಮೇಲಿಂದಕ್ಕಿಂತ ಕೆಳಗಿಂದ ಜಾಸ್ತಿ ಹತ್ತುತ್ತದೆ. ಉಣ್ಣೆ ಟೋಪಿ, ಸಾಕ್ಸ್, ಮನೆಯ ರಗ್ಗು. ಎಷ್ಟೇ ಚಳಿ ಆದರೂ ಟೆಂಟ್ ಒಳಗೆ ಒಲೆ, ಕೆಂಡ, ಗ್ಯಾಸ್ ಹೀಟರ್ ಇಡಲೇಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಚಳಿಗೆ ಬಿಸಿನೀರು ತುಂಬಿದ ರಬ್ಬರ್ ಚೀಲ ಕಾಲ ಹತ್ತಿರ ಇಟ್ಟುಕೊಂಡರೆ ಸಾಕು. ಬಿ.ಪಿ. ಮಾತ್ರೆ ಒಂದು ದಿನಕ್ಕೆ ಹೆಚ್ಚಿಗೆ ಒಯ್ಯಿರಿ.

ಪ್ರಾಣಿಗಳ ಬಗ್ಗೆ ಹೆದರುವಂಥದ್ದು ಕಡಿಮೆ. ಮಾರ್ಚ್‌ಗೆ ಹಾವುಗಳು ಹೊರಗೆ ಬರುವುದಕ್ಕೆ ಶುರುವಾಗಿರುತ್ತವೆ, ಅದರಲ್ಲಿ ಮೊಹಾವಿ ಗಿಲಕಿಹಾವು ಬಹಳ ವಿಷದ್ದು. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಓಡಾಡಬೇಡಿ, ಶೂ ಝಾಡಿಸಿ ಹಾಕಿಕೊಳ್ಳಿ. ಹೊರಡುವ ಮುಂಚೆ ಕಾರಿನ ಕೆಳಗೆ ಒಂದು ಸಲ ಬಗ್ಗಿ ನೋಡಿ, ಮರುಭೂಮಿಯ ಆಮೆ ನೆರಳಿಗೆ ಬಂದು ಕೂತಿರಬಹುದು. ಅದನ್ನು ಮುಟ್ಟುವಂತಿಲ್ಲ, ತಾನಾಗಿ ಹೋಗುವವರೆಗೆ ಕಾಯಬೇಕು. ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಬೇಕಾದ್ದು ಇನ್ನೊಂದಿದೆ. ಪಕ್ಕದಲ್ಲೇ ಚೈನಾ ಲೇಕ್ ನೌಕಾಪಡೆಯ ಪರೀಕ್ಷಾ ನೆಲೆ ಇದೆ. ಯುದ್ಧವಿಮಾನಗಳು ಒಮ್ಮೊಮ್ಮೆ ತಲೆಯ ಮೇಲೇ ಬಂದ ಹಾಗೆ ಗುಡುಗುತ್ತಾ ಹೋಗುತ್ತವೆ. ಗೊತ್ತಿಲ್ಲದಿದ್ದರೆ ಎದೆ ಝಲ್ಲೆನ್ನುತ್ತದೆ.

ರಾತ್ರಿಗಾಗಿ ಅಮಾವಾಸ್ಯೆಯ ಹತ್ತಿರದ ದಿನ ಆರಿಸಿಕೊಳ್ಳಿ. ಕ್ಯಾಲೆಂಡರ್ ಮನೆಯಲ್ಲಿ ಇದ್ದೇ ಇರುತ್ತದೆ. ಸೂರ್ಯ ಮುಳುಗಿ ಒಂದೂವರೆ ಗಂಟೆಗೆ ಪೂರ್ತಿ ಕತ್ತಲು. ಪಶ್ಚಿಮದಲ್ಲಿ ಕೃತ್ತಿಕೆಯ ಗೊಂಚಲು, ಅದರ ಎಡಕ್ಕೆ ರೋಹಿಣಿ, ಮೃಗಶಿರ. ಅಪ್ಪನಿಗೆ ಮಳೆ ನಕ್ಷತ್ರಗಳ ಹೆಸರು ಬಾಯಿಗೆ ಬರುತ್ತಿದ್ದರೆ ಅವರೇ ಮೊಮ್ಮಗನಿಗೆ ತೋರಿಸಲಿ. ಎಲ್ಲರ ಟಾರ್ಚೂ ಆರಿಸಿ ಇಪ್ಪತ್ತು ನಿಮಿಷ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಆಕಾಶಗಂಗೆಯ ದಟ್ಟ ಭಾಗ ಬೇಕಾದರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಿ. ಆಗ್ನೇಯ ದಿಕ್ಕಿನಲ್ಲಿ ಕಂಬಗಳ ಹಿಂದಿನಿಂದ ಎದ್ದು ಬಂದಿರುತ್ತದೆ. ಅಲ್ಲಿಂದ ಬೆಳಕು ಹರಿಯುವವರೆಗೆ ಮತ್ತೆ ಮಲಗುವುದಕ್ಕೆ ಮನಸ್ಸಾಗುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡಿರಿ.

ಬೆಳಗ್ಗೆ ಹತ್ತರ ಒಳಗೆ ಟೆಂಟ್ ಕಿತ್ತು ಹೊರಡಿ. ಡೆತ್ ವ್ಯಾಲಿಗೆ ಮುಂದುವರಿಯುವುದಾದರೆ ಟ್ರೋನಾ ಊರಿನ ಮೂಲಕ ಪನಾಮಿಂಟ್ ಕಣಿವೆಗೆ ದಾರಿ ಇದೆ. ಆ ರಸ್ತೆ ಪ್ರವಾಹಕ್ಕೆ ಕೊಚ್ಚಿಹೋಗಿ ಮುಚ್ಚುವುದುಂಟು, ಹಾಗಾಗಿ ರಿಜ್‌ಕ್ರೆಸ್ಟ್ ಬಿಡುವ ಮೊದಲೇ ತೆರೆದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಟ್ರೋನಾದಲ್ಲಿ ಐದು ನಿಮಿಷ ನಿಂತು ಹೈಸ್ಕೂಲಿನ ಫುಟ್‌ಬಾಲ್ ಮೈದಾನ ನೋಡಿ. ಈ ಸವಳು ನೆಲದಲ್ಲಿ ಹುಲ್ಲು ಬದುಕುವುದಿಲ್ಲ ಅಂತ ಅಲ್ಲಿನ ಹುಡುಗರು ಬರೀ ಮಣ್ಣಿನ ಮೇಲೆ ಆಡುತ್ತಾರೆ. ನಮ್ಮ ಊರಿನ ಶಾಲೆಯ ಮೈದಾನದ ಹಾಗೇ ಇದೆ.